ಘಾಟಿ ಹತ್ತಿದ ಮನೆ

ನಾಗಪುರದಲ್ಲಿ ನಮ್ಮ ಕಾಕಾ ಅವರ ಮನೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, "ಇವತ್ತಿನದು ಹೇಳಲೋ, ನಿನ್ನೆಯದು ಹೇಳಲೋ?" ಎಂದು ನಾನೇ ತಿರುಗಿ ಕೇಳಬೇಕಾಗುತ್ತಿತ್ತು. ಬೆಳಿಗ್ಗೆ ಧಂತೋಲಿಯ ಬೇವಿನ ಮರದ ಕೆಳಗಿದ್ದ ಮನೆ ಸಂಜೆಗೆ ಸದರ್ ಬಜಾರಿನಲ್ಲಿ ಕಂಡರೆ ಆಶ್ಚರ್ಯಪಡುವ ಹಾಗಿರಲಿಲ್ಲ. ನಡುವೆ ಏರು ಇರಬಾರದು, ಅಷ್ಟೇ!

ಕಾಕಾ ಎಂದರೆ ನನ್ನ ಯಜಮಾನರ ಚಿಕ್ಕಪ್ಪ. ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ಧಾರವಾಡದಿಂದ ನಾಗಪುರಕ್ಕೆ ಬಂದಾಗ ಅವರು ರೈಲ್ವೆಯಿಂದ ಆಗಷ್ಟೇ ನಿವೃತ್ತರಾಗಿದ್ದರು. ಇಡೀ ಜೀವಮಾನ ಉಗಿಬಂಡಿಗಳ ನಡುವೆ ಕಳೆದ ಮನುಷ್ಯ. ನಿವೃತ್ತಿಯಾದದ್ದೇ ತಡ, ಪಕ್ಷ ಬದಲಿಸಿ ಡೀಸೆಲ್ಲಿಗೆ ಸೇರಿಕೊಂಡುಬಿಟ್ಟಿದ್ದರು. ಹೊಸ ಸೊಸೆ ನಾನು ಭಯಭಕ್ತಿಯಿಂದ ಚಹಾ ಕೊಡಲು ಹೋದರೆ ಅವರು ಹೇಳಿದ ಮೊದಲ ಮಾತೇ ಇದು: "ನೋಡವಾ, ನೀರು ಕಾಸಿ ಗಾಡಿ ಓಡಸೋದು ಅಡಿಗಿಮನಿ ಕೆಲಸ. ಎಂಜಿನ್ ಅಂದ್ರ ಡೀಸೆಲ್ಲು!" ನಾನು ಹೂಂ ಎಂದೆ.

ಅವರ ಹೆಂಡತಿಗೆ ನಾವೆಲ್ಲ ಕಾಕೂ ಎನ್ನುತ್ತಿದ್ದೆವು. ಕಾಕೂಗೆ ದಮ್ಮಿನ ಕಾಯಿಲೆ. ನಾಗಪುರದ ಬೇಸಿಗೆಯ ಬಿಸಿಗಾಳಿ, ದೂಳು ಶುರುವಾದರೆ ಅವರಿಗೆ ಹಾಸಿಗೆಯ ಮೇಲೆ ಮಲಗಲು ಆಗುತ್ತಿರಲಿಲ್ಲ. ದಿಂಬುಗಳ ರಾಶಿಗೆ ಒರಗಿ, ಕುಳಿತೇ ತೂಕಡಿಸಬೇಕು. ಬೇಸಿಗೆಯಲ್ಲಿ ಚಿಖಲದರಾದಂಥ ಎತ್ತರದ, ತಂಪಾದ ಜಾಗಕ್ಕೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರು. ಕಾಕೂ ಒಪ್ಪಬೇಕಲ್ಲ! ಮಡಿ ಎಂದರೆ ಅಂಥಿಂಥ ಮಡಿಯಲ್ಲ ಅವರದು.

"ಮಂದಿ ಬಂಗಲೇದಾಗ, ಯಾರು ಏನು ಬೇಯಿಸಿ ಬಿಟ್ಟಾರೋ, ಆ ಒಲಿ ಮ್ಯಾಲೆ ನಾ ಹಾಲೂ ಕಾಸಂಗಿಲ್ಲ. ನನ್ನ ಮನಿ ಬಿಟ್ಟು ನಾ ಎಲ್ಲೂ ಬರಂಗಿಲ್ಲ" ಎಂದುಬಿಟ್ಟರು.

ಬೇರೆ ಗಂಡಸಾಗಿದ್ದರೆ ಜಗಳಾಡುತ್ತಿದ್ದ. ಕಾಕಾ ಮಾತ್ರ, "ಆತು. ಹಂಗಾದ್ರ ಮನೀನ ತಗೊಂಡು ಹೋಗೂಣು" ಎಂದರು. ನಾವೆಲ್ಲ ನಕ್ಕೆವು. ಮುಂದಿನ ವಾರ ಗುಜರಿಯಿಂದ ಒಂದು ಹಳೆಯ ಡೀಸೆಲ್ ಲಾರಿ ಬಂದು ಅಂಗಳದಲ್ಲಿ ನಿಂತಿತು. ನಗು ನಿಂತಿತು.

ಆ ಲಾರಿಯ ಬೆನ್ನ ಮೇಲೆ ಕಾಕಾ ಮನೆ ಕಟ್ಟಿಸಿದರು. ಡೇರೆಯಲ್ಲ, ತಗಡಿನ ಗೂಡಲ್ಲ, ಮನೆ! ನಾಗಪುರದಲ್ಲಿ ಸಾಗವಾನಿಗೆ ಬರವೇ? ಗೋಡೆಗೆ ಸಾಗವಾನಿ, ಬಾಗಿಲಿಗೆ ಸಾಗವಾನಿ, ಅದಕ್ಕೆ ಹಿತ್ತಾಳೆಯ ಅಗುಳಿ. ಶೇಗಡಿ ಎಂಬ ಇದ್ದಿಲೊಲೆ ಇಡಲು ಕಲ್ಲಿನ ಕಟ್ಟೆ, ಮೂಲೆಯಲ್ಲಿ ದೇವರ ಗೂಡು, ಕಾಕೂಗೆ ಒಂದು ಮಂಚ. ಹೊಸ್ತಿಲಿಲ್ಲದ್ದು ಎಂಥಾ ಮನೆ ಎಂದು ಕಾಕೂ ತಕರಾರು ತೆಗೆದದ್ದರಿಂದ ತೊಡೆ ದಪ್ಪದ ಹೊಸ್ತಿಲೂ ಬಂತು. ನಮ್ಮ ಅತ್ತೆಯವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಳಗೆಲ್ಲ ಓಡಾಡಿ ಬಂದು, "ಎಲ್ಲಾ ಛಲೋ ಆಗೇದ. ಇದನ್ನ ಎಳಿಯೋವರು ಯಾರು?" ಎಂದು ಕೇಳಿದರು.

"ಒಳಗ ಐವತ್ತು ಕುದುರಿ ಅವ, ವೈನಿ!" ಎಂದು ಕಾಕಾ ತಮ್ಮ ಅತ್ತಿಗೆಗೆ ಹೇಳಿದರು.

ಆ ಕುದುರೆಗಳ ಪರೀಕ್ಷೆ ಸೆಮಿನರಿ ಗುಡ್ಡದ ಏರಿನಲ್ಲಿ ನಡೆಯಿತು. ನಾವು ಮನೆಮಂದಿಯೆಲ್ಲ ಒಳಗೆ ಕುಳಿತಿದ್ದೆವು. ಅರ್ಧ ಏರು ಹತ್ತುವುದರೊಳಗೆ ಎಂಜಿನ್ ತಿಣುಕತೊಡಗಿತು. ಮೊದಲು ಬಿಳಿಯ ಹೊಗೆ, ಆಮೇಲೆ ಕರಿಯ ಹೊಗೆ, ಆಮೇಲೆ ಏನೂ ಇಲ್ಲ. ನಿಂತೇಬಿಟ್ಟಿತು! ಹಿಂದಿನಿಂದ ಬಂದ ಟಾಂಗಾವಾಲಾ ಪಕ್ಕದಲ್ಲೇ ಕುದುರೆ ನಿಲ್ಲಿಸಿ ಕನಿಕರದಿಂದ ಕೇಳಿದ: "ಬಾಬೂಜಿ, ಮೇರಾ ಘೋಡಾ ಜೋತ್ ದೂಂ ಕ್ಯಾ?"

ತನ್ನ ಕುದುರೆ ಕಟ್ಟಲೇ ಎಂದರೆ ಕಾಕಾ ಸುಮ್ಮನಿರುತ್ತಾರೆಯೇ? ಅದೇ ಐವತ್ತು ಕುದುರೆಯ ಮಾತು ತೆಗೆದರು: "ಜಾ ಜಾ! ಮೇರೇ ಇಂಜನ್ ಮೇ ಪಚಾಸ್ ಘೋಡೇ ಹೈಂ!"

"ತೋ ಉನ್ಕೋ ಜಗಾಯಿಯೇ ನಾ!" ಎಂದು, ಅಂದರೆ ಅವನ್ನು ಎಬ್ಬಿಸಬಾರದೇ ಎಂದು, ಅವನು ಟಕಟಕ ಏರು ಹತ್ತಿ ಹೋದ.

ಗಾಡಿಯನ್ನು ಹಿಂದಕ್ಕೆ ಇಳಿಸಿ ಮನೆಗೆ ತಂದ ಮೇಲೆ ಕಾಕಾ ಕುದುರೆ ಎಬ್ಬಿಸಲು ಹೊರಟರು. ಡೀಸೆಲ್ಲಿನ ಪಂಪು ಬಿಚ್ಚಿದರು, ತಿರುವಿದರು, ಎಂಜಿನ್ನಿಗೆ ಎಣ್ಣೆ ಹೆಚ್ಚು ಕುಡಿಸಿದರು. ಶಕ್ತಿ ಹೆಚ್ಚಿತೋ ಇಲ್ಲವೋ, ಹೊಗೆ ಮಾತ್ರ ಹೆಚ್ಚಿ ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಗಳೆಲ್ಲ ಶೋಕಾಚರಣೆಗೆ ಸಿದ್ಧವಾದವು. ಕೊನೆಗೆ ಕಾಕಾ ತಮ್ಮ ತೀರ್ಮಾನ ಹೇಳಿದರು: "ಬರೇ ಎಣ್ಣಿ ಕುಡಿಸಿದ್ರ ಆಗಂಗಿಲ್ಲ. ಅದು ಸುಡಲಿಕ್ಕೆ ಗಾಳಿ ಬೇಕು. ಮ್ಯಾಲ ಹೋದಂಗ ಗಾಳಿ ತೆಳ್ಳಗಾಗ್ತದ, ಎಂಜಿನ್ ಇನ್ನೂ ಸೋಲ್ತದ. ಗಾಳಿ ಹೆಚ್ಚು ಮಾಡೋದು ನನ್ನ ಕೈಯಾಗಿಲ್ಲ. ಭಾರ ಕಡಿಮಿ ಮಾಡೋದದ."

ಭಾರ ಎಂದರೆ ಯಾರು? ನಾವೇ! ಮರುದಿನ ನಮ್ಮನ್ನೆಲ್ಲ ಕಟ್ಟಿಗೆ ವಖಾರಿಗೆ ಕರೆದುಕೊಂಡು ಹೋಗಿ, ಸೌದೆ ತೂಗುವ ದೊಡ್ಡ ತಕ್ಕಡಿಯ ಮುಂದೆ ನಿಲ್ಲಿಸಿದರು. ಅತ್ತೆಯವರು ಕೆಂಡವಾದರು. "ನಾ ಏನು ಕಟ್ಟಿಗಿ ಹೊರೀ ಏನು?"

"ಕಟ್ಟಿಗಿ ಆಗಿದ್ರ ಸುಟ್ಟು ಹಗುರ ಮಾಡಬಹುದಿತ್ತು, ವೈನಿ."

ಆ ಮಾತಿಗೆ ಅತ್ತೆಯವರು ಎರಡು ದಿನ ಅವರೊಡನೆ ಮಾತು ಬಿಟ್ಟರು. ನಾನು ನಾಚಿಕೆಯಿಂದ ಸಾಯುತ್ತ ತಕ್ಕಡಿ ಏರಿದೆ; ನಮ್ಮವರೂ ಏರಿದರು. ಕಾಕಾ ಮಾತ್ರ ಏರಲಿಲ್ಲ. ನಮ್ಮೆಲ್ಲರಿಗಿಂತ ದುಂಡಗಿದ್ದ ಮನುಷ್ಯ! ಕೇಳಿದರೆ, "ಡ್ರೈವರ್‌ನ ಭಾರ ಲೆಕ್ಕಕ್ಕಿಲ್ಲ" ಎಂದರು.

ಏಪ್ರಿಲ್ ಹತ್ತಿರವಾಗುತ್ತಿದ್ದಂತೆ ಹೊರಟೆವು. ಅಮರಾವತಿಯವರೆಗೆ ಬಯಲು ದಾರಿ, ಮನೆ ರಾಜಗಾಂಭೀರ್ಯದಿಂದ ಹೋಯಿತು. ಕಾಕೂ ದಾರಿಯುದ್ದಕ್ಕೂ ತಮ್ಮ ಕಿಟಕಿಯಿಂದಲೇ ಪರವೂರುಗಳನ್ನು ನೋಡುತ್ತ, "ನಮ್ಮ ಮನಿಯಿಂದ ಎಷ್ಟು ಛಂದ ಕಾಣ್ತದ!" ಎನ್ನುತ್ತಿದ್ದರು. ಆದರೆ ಉಸಿರು ಮಾತ್ರ ಸುಯ್ ಸುಯ್ ಎನ್ನುತ್ತಲೇ ಇತ್ತು.

ಘಾಟಿ ಶುರುವಾಯಿತು. ಮೊದಲ ತಿರುವಿನಲ್ಲೇ ಎಂಜಿನ್ ಏದುಸಿರು ಬಿಟ್ಟಿತು. "ಇಳೀರಿ!" ಎಂದರು ಕಾಕಾ. ನಾನೂ ನಮ್ಮವರೂ ಇಳಿದು ಹಿಂದೆ ನಡೆಯತೊಡಗಿದೆವು. ಮುಂದಿನ ತಿರುವಿನಲ್ಲಿ ಮತ್ತೆ "ಇಳೀರಿ!" ಅತ್ತೆಯವರು ಗೊಣಗುತ್ತ ಇಳಿದರು. ಅದರ ಮುಂದೆ ಅರಣ್ಯ ಇಲಾಖೆಯವರು ಗಾಡಿ ತಪಾಸಣೆ ಮಾಡುವ ನಾಕೆ. ಅಲ್ಲಿ ಒರಳುಕಲ್ಲು ಇಳಿಯಿತು, ಶೇಗಡಿಯ ಕಟ್ಟೆ ಇಳಿಯಿತು, ಕೊನೆಗೆ ಕಾಕಾ ಸಾಗವಾನಿಯ ಬಾಗಿಲುಗಳನ್ನೇ ಬಿಚ್ಚಿ ಗಾರ್ಡಿನ ಮುಂದೆ ಇಟ್ಟರು. ಅವನು ಕಣ್ಣು ಬಿಟ್ಟುಕೊಂಡು ನೋಡಿದ. "ಸಾಬ್, ಕಾಡಿನಿಂದ ಸಾಗವಾನಿ ಕದ್ದು ಕೆಳಗೆ ಒಯ್ಯುವವರನ್ನು ಹಿಡಿದಿದ್ದೇನೆ. ಕೆಳಗಿನಿಂದ ಮೇಲಕ್ಕೆ ತಂದುಕೊಡುವವರನ್ನು ಇವತ್ತೇ ನೋಡಿದ್ದು" ಎಂದು ಹಿಂದಿಯಲ್ಲಿ ಹೇಳಿದ.

ಕೊನೆಯ ಏರು ಎಲ್ಲಕ್ಕಿಂತ ಕಡಿದಾಗಿತ್ತು. ರೇಡಿಯೇಟರ್ ಕುದಿಯುತ್ತಿತ್ತು. ಗಾಡಿ ಒಂದು ಮಾರು ಮುಂದೆ ಹೋದರೆ ಅರ್ಧ ಮಾರು ಹಿಂದೆ ಸರಿಯುತ್ತಿತ್ತು. ಒಂದು ಕಡೆ ಗುಡ್ಡ, ಒಂದು ಕಡೆ ಕಣ್ಣಿಗೆ ತಳ ಕಾಣದ ಕಣಿವೆ. ಕಾಕೂ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಾನೂ ಇಳೀತೀನಿ, ಎಂಜಿನ್ನಿಗೆ ಭಾರ ಆಗ್ತದ" ಎಂದರು.

"ನೀ ಇಳದ್ರ ಗಾಡಿ ಮ್ಯಾಲ ಹೋಗಿ ಏನು ಮಾಡೋದದ?" ಎಂದು ಕಾಕಾ ರೇಗಿದರು.

ಆಮೇಲೆ ಅವರು ಮಾಡಿದ್ದನ್ನು ನಾವು ಯಾರೂ ನಿರೀಕ್ಷಿಸಿರಲಿಲ್ಲ. ಆಫೀಸಿನ ಜೀಪು ಓಡಿಸಿ ರೂಢಿಯಿದ್ದ ನಮ್ಮವರನ್ನು ಕರೆದು ಸ್ಟಿಯರಿಂಗ್ ಅವರ ಕೈಗೆ ಕೊಟ್ಟು, "ನಿನಗಿಂತ ನಾನ ಭಾರ" ಎಂದು ತಾವೇ ಇಳಿದರು. ದೊಡ್ಡದೊಂದು ಕಲ್ಲು ಎತ್ತಿಕೊಂಡು ಹಿಂದಿನ ಗಾಲಿಯ ಪಕ್ಕದಲ್ಲೇ ನಡೆದರು. ಗಾಡಿ ನಿಂತಲ್ಲೆಲ್ಲ ಕಲ್ಲು ಗಾಲಿಗೆ ಕೊಟ್ಟು, "ಈಗ ಬಿಡು, ಹಗೂರ್ಕ!" ಎನ್ನುವರು. ಅವರ ಅಂಗಿಯೆಲ್ಲ ಬೆವರಿನಲ್ಲಿ ತೊಯ್ದು, ಹೊಗೆಗೆ ಮುಖವೆಲ್ಲ ಕಪ್ಪಾಗಿತ್ತು. ಅತ್ತೆಯವರು ತಾವೂ ಒಂದು ಕಲ್ಲು ಎತ್ತಿಕೊಂಡರು. ಹೀಗೆ, ಬಾಗಿಲಿಲ್ಲದ ಮನೆ ಚಿಖಲದರಾ ಹತ್ತಿತು.

ಮೇಲೆ ಬಯಲಿನಲ್ಲಿ ನಮ್ಮವರು ಎಂಜಿನ್ ಆರಿಸಿದರು. ತಂಪು ಗಾಳಿ ಬೀಸುತ್ತಿತ್ತು. ಎಲ್ಲರಿಗೂ ವಿಪರೀತ ಹಸಿವು, ಬುತ್ತಿಯ ಗಂಟು ಒಳಗಿತ್ತು. ನಾನು ಹತ್ತಲು ಹೋದರೆ ಕಾಕಾ ಅಡ್ಡ ಬಂದು ತುಟಿಯ ಮೇಲೆ ಬೆರಳಿಟ್ಟರು.

"ಕೇಳಿಸ್ತದೇನವಾ?" ಎಂದು ಪಿಸುಗುಟ್ಟಿದರು.

ನಾನು ಕಿವಿಗೊಟ್ಟೆ. "ಏನೂ ಕೇಳ್ಸವಲ್ದಲ್ಲಾ ಕಾಕಾ?"

"ಹೂಂ. ಏನೂ ಕೇಳ್ಸವಲ್ದು."

ಇಣುಕಿ ನೋಡಿದೆ. ಕಾಕೂ ಮಂಚದ ಮೇಲೆ ಮಗ್ಗುಲಾಗಿ ಉದ್ದಕ್ಕೆ ಮಲಗಿ, ಕೆನ್ನೆಯ ಕೆಳಗೆ ಕೈಯಿಟ್ಟು, ಗಾಢ ನಿದ್ದೆಯಲ್ಲಿದ್ದರು. ದಿಂಬುಗಳೆಲ್ಲ ಕೆಳಗೆ ಬಿದ್ದಿದ್ದವು. ಕಾಕಾ ಗಾಲಿಗೆ ಒರಗಿ ನೆಲದ ಮೇಲೆ ಕುಳಿತು, ಸುಯ್ ಸುಯ್ ಎನ್ನದ ಆ ಉಸಿರನ್ನೇ ಕೇಳುತ್ತ ಕಣ್ಣು ಮುಚ್ಚಿಕೊಂಡರು.

ಊಟ ಒಂದು ಗಳಿಗೆ ತಡವಾದರೂ ಸಹಿಸದ ನಮ್ಮ ಅತ್ತೆಯವರು ನನ್ನ ಕೈ ಹಿಡಿದು ಮರದ ನೆರಳಿಗೆ ಕರೆದುಕೊಂಡು ಹೋದರು. "ಕೂಡು ಬಾ. ಊಟ ಆಮ್ಯಾಲ ಮಾಡಿದ್ರ ಆತು" ಎಂದರು.