ಮ್ಯಾನುವಲ್ ಇಲ್ಲದ ಆಟ

ಯಂತ್ರ ಕಂಡ ಕೂಡಲೇ ಗುಂಡಿ ಒತ್ತುವವರು ಕೆಲವರಿರುತ್ತಾರೆ. ಡಬ್ಬಿಯ ತಳದಲ್ಲಿ ಪುಸ್ತಕವೇನಾದರೂ ಇದೆಯೇ ಎಂದು ಮೊದಲು ಕೈಯಾಡಿಸುವವರು ಇನ್ನು ಕೆಲವರು. ನಾನು ಎರಡನೆಯ ಜಾತಿಯವನು. ವಾಡಿಯ ಸಿಮೆಂಟ್ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದವನಿಗೆ ಇದು ಅಂಟಿಕೊಂಡ ಬೇನೆ. ಅಲ್ಲಿ ಒಂದು ಬೋಲ್ಟು ಬಿಚ್ಚುವುದಕ್ಕೂ ಮ್ಯಾನುವಲ್ ನೋಡಬೇಕಿತ್ತು. ನಿವೃತ್ತನಾಗಿ ಸೇಡಂಗೆ ಬಂದು ನೆಲೆಸಿದ ಮೇಲೂ ಮಿಕ್ಸರಿನ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿದ್ದೇನೆ. ಅಷ್ಟರಲ್ಲಿ ನನ್ನ ಹೆಂಡತಿ ಕಸ್ತೂರಿ ಶೇಂಗಾ ಚಟ್ನಿಯನ್ನು ರುಬ್ಬಿ, ಬಡಿಸಿ, ಜಾರು ತೊಳೆದು ಬೋರಲು ಹಾಕಿದ್ದಳು.

ಇಂಥ ನಮ್ಮ ಮನೆಗೆ ವಿಡಿಯೋ ಗೇಮು ಬಂದದ್ದು ಕಸ್ತೂರಿಯ ಕೈಯಿಂದಾಗಿ. ಒಂದು ದಿನ ಬೆಳಿಗ್ಗೆ ಒರೆಸಿದ ಫರಸಿ ನೆಲ ಆರುವ ಮೊದಲೇ ನಡೆಯಲು ಹೋಗಿ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದಾಗ ಎಲುಬು ಕೂಡಿತ್ತು, ಆದರೆ ಬೆರಳುಗಳು ಬಗ್ಗಲು ಒಪ್ಪಲಿಲ್ಲ. ಶಹಾಬಾದಿನ ಡಾಕ್ಟರು ಒಂದು ಸ್ಪಂಜಿನ ಚೆಂಡು ಕೊಟ್ಟು, "ದಿನಾ ಇದನ್ನ ಹಿಚಕ್ರಿ, ಇಲ್ಲಂದ್ರ ಬೆರಳು ಹಂಗೇ ಸೆಟದು ಕುಂದರ್ತಾವ" ಎಂದು ಹೆದರಿಸಿ ಕಳಿಸಿದರು. ಅವಳು ವಾರವೊಂದು ಹಿಚುಕಿದಳು. ಆಮೇಲೆ ಚೆಂಡು ಕಿಟಕಿಯ ಮೇಲೆ ಕೂತು ಧೂಳು ಕುಡಿಯತೊಡಗಿತು. ಮನೆಯ ಅಡುಗೆ ನನ್ನ ಪಾಲಿಗೆ ಬಂತು. ಅದಕ್ಕಿಂತ ಕಷ್ಟದ್ದು ಅವಳ ಜಡೆ. ಬೆಳಿಗ್ಗೆ ನನ್ನ ಮುಂದೆ ಬೆನ್ನು ತಿರುಗಿಸಿ ಕೂತರೆ ನಾನು ಕೂದಲಿನ ಮೂರು ಕಾಲುಗಳಲ್ಲಿ ಯಾವುದನ್ನು ಯಾವುದರ ಮೇಲೆ ಹಾಕಬೇಕೆಂದು ತಿಳಿಯದೆ ಒದ್ದಾಡುತ್ತಿದ್ದೆ. ನಾನು ಹಾಕಿದ ಜಡೆ ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಅವಳು ಒಂದು ಮಾತೂ ಅನ್ನುತ್ತಿರಲಿಲ್ಲ. ಜೀವನವಿಡೀ ನನ್ನನ್ನು ಗದರಿಸಿದವಳು ಸುಮ್ಮನಿರುವುದನ್ನು ಕಂಡು ನನಗೆ ಭಯವಾಗುತ್ತಿತ್ತು.

ಚಿತ್ತಾಪುರದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿರುವ ಮಗಳು ಭಾಗ್ಯ ಭಾನುವಾರದ ರೈಲಿಗೆ ಬಂದವಳು ಒಂದು ಡಬ್ಬಿ ತಂದು ಅದರೊಳಗಿನ ಗೇಮಿನ ಯಂತ್ರವನ್ನು ಟಿವಿಗೆ ಜೋಡಿಸಿದಳು. "ಅವ್ವಾ, ಚೆಂಡು ಹಿಚುಕಿದ್ರ ಬ್ಯಾಸರ ಬರ್ತದ. ಇದರಾಗ ಬೆರಳು ತಾವೇ ಆಡ್ತಾವ" ಎಂದು ಅವ್ವನ ಕೈಯಲ್ಲಿ ಗುಂಡಿಗಳಿರುವ ಕಂಟ್ರೋಲರ್ ಇಟ್ಟಳು. ನಾನು ನನ್ನ ಕರ್ತವ್ಯವೆಂಬಂತೆ ಡಬ್ಬಿಯ ತಳಕ್ಕೆ ಕೈ ಹಾಕಿದೆ. ಒಂದು ತೆಳ್ಳನೆಯ ಹಾಳೆ ಸಿಕ್ಕಿತು. ಹತ್ತಾರು ಭಾಷೆಗಳಲ್ಲಿ ಅದು ಹೇಳಿದ್ದು ಒಂದೇ: ನೀರಿನಲ್ಲಿ ಅದ್ದಬೇಡಿ.

"ಇದರ ಮ್ಯಾನುವಲ್ ಎಲ್ಲಿ?" ಎಂದೆ.

"ಈಗ ಮ್ಯಾನುವಲ್ ಇರಂಗಿಲ್ಲ ಅಪ್ಪ. ಆಟಾನೇ ಆಡಾಕ ಕಲಿಸ್ತದ. ಟ್ಯುಟೋರಿಯಲ್ ಅಂತಾರ."

ನನಗೆ ಹಳೆಯದೆಲ್ಲ ನೆನಪಾಯಿತು. ಭಾಗ್ಯ ಸಣ್ಣವಳಿದ್ದಾಗ ವಾಡಿಯ ಕಾಲೋನಿಯಲ್ಲಿ ನಮಗೊಂದು ಕ್ಯಾಸೆಟ್ಟಿನ ಗೇಮು ಇತ್ತು. ಅದರ ಜೊತೆಗೆ ಬಂದ ಪುಸ್ತಕ ಬಹಳ ಚೆಂದವಿತ್ತು: ಮುಖಪುಟದ ಮೇಲೆ ಖಡ್ಗ ಹಿಡಿದ ವೀರ, ಹಿಂದೆ ಉರಿಯುವ ಕೋಟೆ, ಒಳಗೆ ಅವನ ಮನೆತನದ ಕಥೆ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಮಗಳಿಗೆ ಓದಿ ಹೇಳುತ್ತಿದ್ದೆ. ಆಮೇಲೆ ಟಿವಿ ಹಚ್ಚಿದರೆ ಆ ವೀರ ನಾಲ್ಕು ಬಣ್ಣದ ಚೌಕಗಳಾಗಿ ಕುಪ್ಪಳಿಸುತ್ತಿದ್ದ, ಕೋಟೆ ಎರಡು ಗೆರೆಯಾಗಿ ನಿಂತಿರುತ್ತಿತ್ತು. ಆದರೂ ನಮಗೆ ಏನೂ ಕಡಿಮೆ ಅನಿಸುತ್ತಿರಲಿಲ್ಲ. ಉಳಿದದ್ದನ್ನೆಲ್ಲ ಪುಸ್ತಕ ತುಂಬಿಕೊಟ್ಟಿರುತ್ತಿತ್ತು. ಈಗಿನ ಆಟದಲ್ಲಿ ಹುಲ್ಲಿನ ಒಂದೊಂದು ಎಸಳೂ ಗಾಳಿಗೆ ಅಲ್ಲಾಡುತ್ತದೆ, ಪುಸ್ತಕ ಮಾತ್ರ ಇಲ್ಲ.

ಪುಸ್ತಕದ ಬದಲಿಗೆ ಒಂದು ಗೂಬೆ ಇತ್ತು. ಕಸ್ತೂರಿಯ ಪಾಲಿಗೆ ಬಂದದ್ದು ಟೋಪಿ ಹಾಕಿದ ಒಂದು ನರಿಮರಿ. ಅದು ಓಡಬೇಕು, ಜಿಗಿಯಬೇಕು, ಹಣ್ಣು ಆಯಬೇಕು. ಎರಡು ಹೆಜ್ಜೆ ಇಟ್ಟರೆ ಸಾಕು, ಗೂಬೆ ಹಾರಿ ಬಂದು ದಾರಿಗೆ ಅಡ್ಡ ಕೂತು ಇಂಗ್ಲಿಷಿನಲ್ಲಿ ಪಾಠ ಶುರು ಮಾಡುತ್ತಿತ್ತು. ಹೇಳಿದ ಗುಂಡಿ ಒತ್ತುವವರೆಗೆ ಮುಂದಕ್ಕೆ ಬಿಡುತ್ತಿರಲಿಲ್ಲ. ಕಸ್ತೂರಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ನಾನು ಕನ್ನಡಕ ಏರಿಸಿ, "ತಡಿ, ಪೂರಾ ಓದ್ತೀನಿ" ಎಂದು ಮೊದಲ ವಾಕ್ಯದ ಕ್ರಿಯಾಪದಕ್ಕೆ ಬರುವಷ್ಟರಲ್ಲಿ ಅವಳು ಮಿನುಗುವ ಚಿತ್ರ ನೋಡಿ ಗುಂಡಿ ಒತ್ತಿ ಮುಂದಿನ ಗುಡ್ಡ ಏರಿರುತ್ತಿದ್ದಳು. ಗೂಬೆ ಮತ್ತೆ ಬಂದರೆ, "ಗೊತ್ತದ, ಗೊತ್ತದ, ಸುಮ್ನಿರು" ಎನ್ನುತ್ತಿದ್ದಳು. ಅದು ಗೂಬೆಗೆ ಅಂದದ್ದೋ ನನಗೆ ಅಂದದ್ದೋ ನಾನು ಕೇಳಲಿಲ್ಲ. ಅವಳ ಗದರಿಕೆ ಮರಳಿ ಬಂತಲ್ಲ ಎಂದು ಒಳಗೊಳಗೆ ಖುಷಿಯಾಗಿತ್ತು.

ಆ ಖುಷಿ ಒಂದು ಹಳ್ಳದ ದಂಡೆಯಲ್ಲಿ ನಿಂತುಹೋಯಿತು. ಅದನ್ನು ದಾಟಲು ಬಲಗೈಯ ತೋರುಬೆರಳಿನಿಂದ ಕಂಟ್ರೋಲರಿನ ಹಿಂಬದಿಯ ಗುಂಡಿಯನ್ನು ಒತ್ತಿ ಹಿಡಿದೇ ಹೆಬ್ಬೆರಳಿನಿಂದ ಜಿಗಿಸಬೇಕು. ಸೆಟೆದದ್ದು ಅದೇ ಬೆರಳು. ಗುಂಡಿಯ ಮೇಲೆ ಇಟ್ಟರೆ ಜಾರುತ್ತಿತ್ತು, ನರಿಮರಿ ನೀರಿಗೆ ಬೀಳುತ್ತಿತ್ತು. ಗೂಬೆ ಮಾತ್ರ ಮೊದಲ ಸಲದಷ್ಟೇ ಉತ್ಸಾಹದಿಂದ ಅದೇ ಪಾಠವನ್ನು ಮತ್ತೆ ಹೇಳುತ್ತಿತ್ತು. ಕೊನೆಗೆ ಕಸ್ತೂರಿ ಕಂಟ್ರೋಲರ್ ಕೆಳಗಿಟ್ಟಳು. "ಇದು ನನ್ನ ಕೈಲೆ ಆಗಂಗಿಲ್ರೀ. ಭಾಗ್ಯಾಗ ಹೇಳಿ ವಾಪಸ್ ಕೊಟ್ಟುಬಿಡ್ರಿ" ಎಂದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮರುದಿನ ಟಿವಿಯ ಹತ್ತಿರವೇ ಸುಳಿಯಲಿಲ್ಲ.

ನನಗೆ ಗೊತ್ತಿರುವ ಚಿಕಿತ್ಸೆ ಒಂದೇ. ಮೊಬೈಲಿನಲ್ಲಿ ಜಾಲಾಡಿ ಆ ಆಟದ ಮ್ಯಾನುವಲ್ ಹುಡುಕಿದೆ. ಎಲ್ಲೋ ಒಂದು ಮೂಲೆಯಲ್ಲಿ ಸಿಕ್ಕಿತು. ಬಸ್‌ಸ್ಟ್ಯಾಂಡಿನ ಹತ್ತಿರ ರಶೀದನ ಜೆರಾಕ್ಸ್ ಅಂಗಡಿಗೆ ಹೋಗಿ ಪೂರಾ ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿದೆ. ರಶೀದ ಪುಟಗಳನ್ನು ಸರಿಮಾಡುತ್ತ, "ಯಾವ ಮಷಿನ್‌ದು ಸರ್ ಇದು? ಫ್ಯಾಕ್ಟರಿದವರು ಮತ್ತ ಕರದಾರೇನು?" ಎಂದ. "ಹೂಂ, ಒಂದು ಮಷಿನ್ ನಿಂತದ" ಎಂದೆ. ಅಷ್ಟರಲ್ಲಿ ಟೋಪಿ ಹಾಕಿದ ನರಿಮರಿಯ ಚಿತ್ರವಿದ್ದ ಪುಟ ಹೊರಗೆ ಬಂತು. ರಶೀದ ಅದನ್ನು ನೋಡಿ, ನನ್ನನ್ನು ನೋಡಿ, ಮರ್ಯಾದಸ್ಥನಾದ್ದರಿಂದ ಬೈಂಡಿಂಗಿಗೆ ತೂತು ಹಾಕತೊಡಗಿದ.

ಮನೆಗೆ ಬಂದವನೇ ಚಹಾ ಕೂಡ ಕುಡಿಯದೆ ಓದಿದೆ. ಬಹಳ ದಿನಗಳ ಮೇಲೆ ನನ್ನ ಕಣ್ಣು ಸರಿಯಾದ ಅನ್ನ ಉಂಡಂತಾಯಿತು. ಸೆಟ್ಟಿಂಗ್ಸ್ ಎಂಬ ಅಧ್ಯಾಯದಲ್ಲಿ ನಾನು ಹುಡುಕುತ್ತಿದ್ದದ್ದು ಇತ್ತು. ಗುಂಡಿಗಳನ್ನು ಬದಲಿಸಬಹುದು. ಬಲಗೈಯ ಕೆಲಸವನ್ನು ಎಡಗೈಗೆ ಕೊಡಬಹುದು. ಬೇಡವಾದರೆ ಪಾಠವನ್ನೇ ದಾಟಿಸಿ ಹಳ್ಳದ ಆಚೆಗೆ ಹೋಗಬಹುದು. ನಾನು ಗೆದ್ದವನಂತೆ ಪುಸ್ತಕ ಹಿಡಿದು ಕಸ್ತೂರಿಯ ಮುಂದೆ ನಿಂತೆ. "ನೋಡು, ಆ ಗೂಬಿಗೂ ಗೊತ್ತಿಲ್ಲದ್ದು ಇದರಾಗ ಅದ. ಆ ಬೆರಳು ಬಗ್ಗಿಸೋ ಜರೂರೇ ಇಲ್ಲ."

ಅವಳು ಎದ್ದು ಕೂತು ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ, "ಮತ್ತ ಈ ಆಟ ಮನಿಗೆ ತಂದದ್ದು ಯಾತಕ್ಕರೀ?" ಎಂದಳು.

ನಾನು ಪುಸ್ತಕ ಮುಚ್ಚಿದೆ.

ಅವಳು ಹೊರಗೆ ಬಂದು ಟಿವಿ ಹಚ್ಚಿದಳು. ನರಿಮರಿ ಹಳ್ಳದ ದಂಡೆಯಲ್ಲಿ ಬಿಟ್ಟಲ್ಲೇ ನಿಂತಿತ್ತು. "ಇಲ್ಲಿ ಬರ್ರಿ. ನಿಮ್ಮ ಬೆರಳು ನನ್ನ ಬೆರಳಿನ ಮ್ಯಾಲ ಇಡ್ರಿ. ಒತ್ತಬ್ಯಾಡ್ರಿ, ಸುಮ್ನ ಇಡ್ರಿ, ಜಾರದಂಗ." ನಾನು ಪಕ್ಕದಲ್ಲಿ ಕೂತು ಇಟ್ಟೆ. ಅವಳ ಬೆರಳು ತಣ್ಣಗಿತ್ತು. ನರಿಮರಿ ನೀರಿಗೆ ಬಿತ್ತು. ಮತ್ತೆ ಬಿತ್ತು. ಅವಳ ಹಣೆಯ ಮೇಲೆ ಬೆವರು ಮೂಡಿತು, ನೋವಿಗೆ ಹಲ್ಲು ಕಚ್ಚಿದ್ದಳು. "ಸಾಕು ಬಿಡು ಇವತ್ತಿಗೆ" ಎಂದೆ. "ಮಾತಾಡಬ್ಯಾಡ್ರಿ" ಎಂದಳು. ಹಾಗೇ ಎಷ್ಟು ಹೊತ್ತಾಯಿತೋ, ಒಮ್ಮೆ ನನ್ನ ಬೆರಳಿನ ಕೆಳಗೆ ಅವಳ ಬೆರಳು ಮೆಲ್ಲಗೆ ಮಡಚಿಕೊಂಡಿತು. ನರಿಮರಿ ಆಚೆ ದಡಕ್ಕೆ ಹೋಗಿ ನಿಂತಿತು. ಗೂಬೆ ರೆಕ್ಕೆ ಬಡಿಯುತ್ತ ಏನೋ ಹೇಳಿತು.

"ಏನಂತದ?" ಎಂದಳು.

"ಶಭಾಷ್ ಅಂತದ."

"ನನಗ ಗೊತ್ತದ ಅಂತ ಹೇಳ್ರಿ ಅದಕ್ಕ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಅವಳು ಹಿಂದೆ ನೋಡಲಿಲ್ಲ. ನನ್ನ ಬೆರಳಿನ ಆಸರೆ ಬೇಡವಾಯಿತು. ಕೆಲವು ವಾರಗಳಲ್ಲಿ ತನ್ನ ಜಡೆ ತಾನೇ ಹಾಕಿಕೊಳ್ಳತೊಡಗಿದಳು, ನನ್ನನ್ನು ಆ ಹುದ್ದೆಯಿಂದಲೂ ನಿವೃತ್ತಿ ಮಾಡಿದಳು. ಆದರೆ ಅಡುಗೆಮನೆ ನನ್ನ ಕೈಯಲ್ಲೇ ಉಳಿಯಿತು. ಬೆರಳು ಇನ್ನೂ ಪೂರ್ತಿ ಸರಿಹೋಗಿಲ್ಲ, ಆಟ ಬಿಡುವಂತಿಲ್ಲ ಎಂಬುದು ಅವಳ ವಾದ. ಡಾಕ್ಟರೂ ಹೌದೆಂದರು. ಹೀಗಾಗಿ ಅವಳು ಗುಡ್ಡ ಏರುತ್ತಿದ್ದರೆ ನಾನು ತೊಗರಿಬೇಳೆ ಬೇಯಿಸುತ್ತೇನೆ, ಪಾತ್ರೆ ತೊಳೆಯುತ್ತೇನೆ, ಸಾಯಂಕಾಲದ ಹೊತ್ತಿಗೆ ಸೊಂಟ ಹಿಡಿದುಕೊಂಡು ಕೂತುಬಿಡುತ್ತೇನೆ.

ಕಳೆದ ಭಾನುವಾರ ಭಾಗ್ಯ ಎರಡನೆಯ ಕಂಟ್ರೋಲರ್ ತಂದಳು. "ಅಪ್ಪ, ಇಬ್ಬರೂ ಕೂಡಿ ಆಡ್ರಿ" ಎಂದು ನನ್ನ ಕೈಗೆ ಕೊಟ್ಟಳು. ಮ್ಯಾನುವಲ್ಲಿನಲ್ಲಿ ಎರಡನೆಯ ಆಟಗಾರನ ಬಗ್ಗೆ ಇದ್ದದ್ದು ಒಂದೇ ಸಾಲು, ಅವನು ಯಾವಾಗ ಬೇಕಾದರೂ ಸೇರಬಹುದು ಎಂದು. ಗೂಬೆಯ ಪಾಠಗಳೆಲ್ಲ ಮುಗಿದುಹೋಗಿದ್ದವು, ಅದು ನನಗಾಗಿ ಮತ್ತೆ ಬರಲಿಲ್ಲ. ನನಗೊಂದು ಮೊಲ ಸಿಕ್ಕಿತ್ತು. ನಾನು ಯಾವ ಗುಂಡಿ ಯಾತಕ್ಕೆಂದು ನೋಡುತ್ತಿರುವಾಗಲೇ ಕಸ್ತೂರಿಯ ನರಿಮರಿ ಓಡಿ ಪರದೆಯ ಆಚೆ ತುದಿಗೆ ಹೋಯಿತು. ಮೊಲ ಹಿಂದುಳಿಯಿತು. ಆಗ ಎಲ್ಲಿಂದಲೋ ಒಂದು ದೊಡ್ಡ ನೀರ್ಗುಳ್ಳೆ ಬಂದು ಮೊಲವನ್ನು ಒಳಗೆ ಎತ್ತಿಕೊಂಡು ನರಿಮರಿಯ ಹಿಂದೆ ತೇಲತೊಡಗಿತು. ಕೆಳಗೆ ಮುಳ್ಳು, ಹಳ್ಳ, ಬೆಂಕಿ ಎಲ್ಲ ಇದ್ದವು. ಒಂದೂ ನನಗೆ ತಾಗಲಿಲ್ಲ. ನಾನು ಸೋಫಾಕ್ಕೆ ಒರಗಿದೆ, ಕಾಲು ಚಾಚಿದೆ.

"ಅಪ್ಪ, ಆ ಕೆಂಪು ಬಟನ್ ಒತ್ರಿ, ಗುಳ್ಳೆ ಒಡದು ಹೊರಗ ಬರ್ತೀರಿ" ಎಂದಳು ಭಾಗ್ಯ.

"ಮ್ಯಾನುವಲ್‌ದಾಗ ಹಂಗೇನೂ ಬರದಿಲ್ಲ ಬಿಡವ್ವಾ" ಎಂದೆ.