ಬೇಜಾರು ಕತ್ತರಿಸುವ ಡಬ್ಬಿ

"ಅಕ್ಕ, ಇದು ಬೇಜಾರು ಕತ್ತರಿಸೋ ಡಬ್ಬಿ" ಎಂದು ನನ್ನ ತಮ್ಮ ಲೋಹಿತಾಶ್ವ ಎರಡು ಅಂತಸ್ತಿನ ಟಿಫನ್ ಕ್ಯಾರಿಯರ್‌ನಂಥದ್ದನ್ನು ಒಲೆಯ ಪಕ್ಕ ಇಟ್ಟ. ಅದರ ನೆತ್ತಿಯ ಮೇಲೆ ಹಳೇ ರೇಡಿಯೋದ ಗುಂಡಿ, ಹೊಟ್ಟೆಯಲ್ಲಿ ನನ್ನದೇ ಮಿಕ್ಸಿಯ ಮೋಟಾರು. "ಹಾಲು ಕಾಯೋದನ್ನ ನಿಂತು ನೋಡ್ತೀಯಲ್ಲ, ಅಷ್ಟು ಹೊತ್ತೂ ದಂಡ. ಈಗ ನೋಡು."

ಗುಂಡಿ ತಿರುಗಿಸಿದ. ಆಗಷ್ಟೇ ಒಲೆಗಿಟ್ಟಿದ್ದ ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯುತ್ತಿತ್ತು.

"ಹೇಗೆ?" ಎಂದ.

"ಒರೆಸೋದನ್ನೂ ಕತ್ತರಿಸುತ್ತಾ?" ಎಂದೆ. ಅವನು ಡಬ್ಬಿ ಎತ್ತಿಕೊಂಡು ಹೊರಟ. ಒರೆಸುವ ಬಟ್ಟೆಯನ್ನು ಮುಟ್ಟಲೂ ಇಲ್ಲ.

ವಿಷಯ ಇಷ್ಟು. ನಮ್ಮ ಯಜಮಾನರು ಚೆಲುವಯ್ಯ ಪ್ರತಿ ಭಾನುವಾರ ಕೆರೆಯಲ್ಲಿ ಗಾಳ ಹಾಕುತ್ತಾರೆ. ಅದನ್ನು ಲೋಹಿತ ಫೋನಿನಲ್ಲಿ ಹಿಡಿದು 'ಕೆರೆ ಕಡೆ' ಎಂಬ ಯೂಟ್ಯೂಬ್ ಕಾರ್ಯಕ್ರಮ ಮಾಡುತ್ತಿದ್ದ. ಮೀನು ಹಿಡಿಯುವುದು, ಜೇನು ಬಿಡಿಸುವುದು, ಅಣಬೆ ಹುಡುಕುವುದು ಎಲ್ಲ ಅದರಲ್ಲಿ ಬರುತ್ತಿತ್ತು. ನೋಡುವವರು ನೂರ ಹನ್ನೆರಡು ಮಂದಿ, ಅವರಲ್ಲಿ ಅರ್ಧ ಜನ "ಮೀನು ಯಾವಾಗ ಬೀಳುತ್ತೆ?" ಎಂದು ಕೇಳಿ ಎದ್ದು ಹೋಗುವವರು.

ನನಗೆ ಮೀನಿನ ಚಿಂತೆ ಇರಲಿಲ್ಲ. ಇವರು ವಾರವೆಲ್ಲ ಬಸ್ಸು ಓಡಿಸಿ ಬಂದು ಮನೆಯಲ್ಲಿ "ಹ್ಞೂಂ", "ಉಹೂಂ" ಬಿಟ್ಟು ಬೇರೆ ಮಾತಾಡುವವರಲ್ಲ. ಕೆರೆ ಏರಿಯ ಮೇಲೆ ನನ್ನ ಪಕ್ಕ, ನೀರಲ್ಲಿ ತೇಲುವ ಬೆಂಡನ್ನು ನೋಡುತ್ತ ಕೂತಾಗ ಮಾತ್ರ ಬಾಯಿ ಬಿಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ನಮ್ಮ ಸಂಸಾರ ನಡೆದಿರುವುದು ಅಲ್ಲೇ.

ಮೊದಲ ಭಾನುವಾರ ಡಬ್ಬಿ ಏರಿಯ ಮೇಲೆ ಬಂತು. ಇವರು ಬೆಳಿಗ್ಗೆ ಏಳಕ್ಕೆ ಗಾಳ ಎಸೆದರು. ಮರುಕ್ಷಣ ಕೈಯಲ್ಲಿ ಮೀನು, ನೆತ್ತಿಯ ಮೇಲೆ ಸೂರ್ಯ, ಹೊಟ್ಟೆಯಲ್ಲಿ ತಡೆಯಲಾರದ ಹಸಿವು. ಒಂದೂವರೆ ನಿಮಿಷದ ಆ ಕಂತನ್ನು ಹನ್ನೊಂದು ಸಾವಿರ ಜನ ನೋಡಿದರು! ಲೋಹಿತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಮೇಲೆ ಜೇನಿನ ಕಂತು. ಮರ ಹತ್ತುವುದು ಬೇಜಾರಿನ ಕೆಲಸವೆಂದು ಡಬ್ಬಿ ತಾನೇ ತೀರ್ಮಾನಿಸಿತು. ಬುಡದಲ್ಲಿ ಪಂಚೆ ಎತ್ತಿ ಕಟ್ಟುತ್ತಿದ್ದ ಇವರು ಥಟ್ಟನೆ ತುದಿಕೊಂಬೆಯಲ್ಲಿದ್ದರು.

"ಲೋಹಿತ, ನಾನು ಹತ್ತಿದ್ದು ಯಾವ ಕಡೆಯಿಂದ?"

"ಗೊತ್ತಿಲ್ಲ ಭಾವ. ಇಳಿಯೋದನ್ನ ಮಾತ್ರ ಕತ್ತರಿಸಲ್ಲ, ಜನಕ್ಕೆ ಅದು ಇಷ್ಟ ಆಗುತ್ತೆ."

ಮುಂದಿನ ಭಾನುವಾರ ಇವರು ಗಾಳ ಎಸೆದು ನನ್ನ ಕಡೆ ತಿರುಗಿದರು. "ನಿನ್ನ ನೋಡೋಕೆ ಬಂದ ದಿನದ್ದು ಒಂದು ವಿಷಯ ಇದುವರೆಗೂ ಹೇಳಿಲ್ಲ ಕಣೇ. ಅವತ್ತು ನಾನು..."

ಅಷ್ಟೇ. ಕೈಯಲ್ಲಿ ಮೀನು, ಗಂಟೆ ಎರಡು ದಾಟಿತ್ತು. ಏನು ಹೇಳಹೊರಟಿದ್ದರೆಂಬುದು ಇವರಿಗೂ ನೆನಪಿರಲಿಲ್ಲ. ನನಗೆ ಸಿಟ್ಟಿಗಿಂತ ಹೆಚ್ಚು ಸಂಕಟವಾಯಿತು. ಅದು ಬೇಜಾರಿನ ಹೊತ್ತು ಎಂದು ಈ ಡಬ್ಬಿಗೆ ಹೇಳಿದವರು ಯಾರು?

"ಕತ್ತರಿಸಿದ ಹೊತ್ತೆಲ್ಲ ಎಲ್ಲಿಗೆ ಹೋಗುತ್ತೋ?" ಎಂದು ಕೇಳಿದೆ.

"ಕೆಳಗಿನ ಅಂತಸ್ತಿಗೆ. ಎಸೆಯೋಕೆ ಜಾಗ ಸಿಕ್ಕಿಲ್ಲ."

ಎತ್ತಿ ನೋಡಿದೆ. ರಾಗಿ ಮೂಟೆಯಷ್ಟು ಭಾರ. ಕೊಂಡಿ ತೆಗೆದೆ.

"ಅಕ್ಕ, ಬೇಡ, ಅದರಲ್ಲಿ ಹದಿಮೂರು ಗಂಟೆ ಇದೆ!"

ಇವರ ಕೈಗಡಿಯಾರ ಎರಡು ಹತ್ತಕ್ಕೆ ನಿಂತಿತು. ಸೂರ್ಯನೂ ಕದಲಲಿಲ್ಲ. ಹೊರಬಂದದ್ದು ಮೀನು ಬೀಳದ ಹೊತ್ತು ಮಾತ್ರವಾದ್ದರಿಂದ ಇಡೀ ಕೆರೆಯಲ್ಲಿ ಒಂದು ಮೀನೂ ಗಾಳದ ಹತ್ತಿರ ಸುಳಿಯಲಿಲ್ಲ. ಲೋಹಿತ ಏರಿಯ ಆ ತುದಿಗೂ ಈ ತುದಿಗೂ ಓಡಿ ನೋಡಿದ. ಎಲ್ಲಿ ಹೋದರೂ ಎರಡು ಹತ್ತೇ. ಕೊನೆಗೆ ಬಂದು ಪಕ್ಕದಲ್ಲಿ ಕೂತ. ಕೂತಲ್ಲೇ ಅವನ ಕೆನ್ನೆಯಲ್ಲಿ ಗಡ್ಡ ಚಿಗುರಿತು.

ಮರೆತದ್ದು ಆ ಹೊತ್ತಿನ ಜೊತೆಗೇ ಮರಳಿತೇನೋ, ಇವರು ಮತ್ತೆ ಗಾಳ ಎಸೆದು, ಬೆಂಡಿನ ಮೇಲೆ ಕಣ್ಣಿಟ್ಟು ಶುರು ಮಾಡಿದರು. ಹೆಣ್ಣು ನೋಡಲು ಬಂದ ದಿನ ಕೈಕಾಲು ತೊಳೆಯಲೆಂದು ಹಿತ್ತಿಲಿಗೆ ಹೋಗಿದ್ದರಂತೆ. ಅಡುಗೆಮನೆ ಕಿಟಕಿಯಲ್ಲಿ ನೋಡಿದರೆ, ನಾನು ಅವರಿಗೆಂದೇ ಮಾಡಿದ್ದ ಕೇಸರಿಬಾತನ್ನು ಪಾತ್ರೆಯಿಂದಲೇ ತಿನ್ನುತ್ತಿದ್ದೆನಂತೆ.

"ಆಗಲೇ ಒಪ್ಪಿಬಿಟ್ಟೆ. ಆಮೇಲೆ ತಲೆ ತಗ್ಗಿಸಿಕೊಂಡು ಬಂದು ಕೂತೆಯಲ್ಲ, ನಗು ತಡೆಯೋದೇ ಕಷ್ಟ ಆಯ್ತು."

ಹದಿಮೂರು ಗಂಟೆಯೂ ಮಾತಾಡಿದರು. ನಾನು ಇಷ್ಟು ಸುಖವಾಗಿ ಕೂತು ಎಷ್ಟು ದಿನವಾಗಿತ್ತೋ.

ಗಡಿಯಾರ ಎರಡು ಹನ್ನೊಂದಾಯಿತು. ಬೆಂಡು ಗುಳುಕ್ಕನೆ ಮುಳುಗಿತು. ಲೋಹಿತ ಫೋನು ಹಿಡಿದು ಎದ್ದ. "ಭಾವ, ದೊಡ್ಡದು, ಎಳೀರಿ!"

ಇವರು ಗಾಳದ ಕೋಲನ್ನು ಕಾಲಡಿ ಒತ್ತಿ ಹಿಡಿದು ನನ್ನ ಕಡೆಗೇ ತಿರುಗಿಕೊಂಡರು.

"ಇರಯ್ಯ. ಈ ಮೀನುಗಳಿಗೆ ಒಂದು ಹೊತ್ತುಗೊತ್ತು ಅಂತ ಇಲ್ಲ."