ಕುದುರೆ ಏರಿ ಬಂದ ಮಾವ

ಇನ್ನು ಮುಂದೆ ಸಿನಿಮಾ ತೆಗೆಯಲು ಕ್ಯಾಮೆರಾ ಬೇಕಿಲ್ಲ, ಲೈಟು ಬೇಕಿಲ್ಲ, ನಾಯಕ ನಾಯಕಿಯರಂತೂ ಬೇಡವೇ ಬೇಡ, ಒಂದು ಲ್ಯಾಪ್‌ಟಾಪೂ ಅದರ ಮುಂದೆ ಕೂರಲು ಒಬ್ಬ ಬುದ್ಧಿವಂತನೂ ಇದ್ದರೆ ಸಾಕು ಎಂದು ಚಂದ್ರಹಾಸ ಒಂದು ಭಾನುವಾರ ಬೆಳಿಗ್ಗೆ ಒಗ್ಗರಣೆ ಅವಲಕ್ಕಿ ತಿನ್ನುತ್ತಾ ಘೋಷಿಸಿದ. ಆ ಬುದ್ಧಿವಂತ ಯಾರೆಂದು ಅವನು ಹೇಳಲಿಲ್ಲ. ಶಿವಮೊಗ್ಗದ ನವುಲೆಯ ಆ ಮನೆಯಲ್ಲಿ ಇದ್ದವರು ಇಬ್ಬರೇ. ಇನ್ನೊಬ್ಬಳು ಹೆಂಡತಿ ವಾಣಿ, ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಕ್ಯಾಮೆರಾನೇ ಬೇಡ ಅಂದ್ರೆ ನಿಮ್ಮ ಸ್ಟುಡಿಯೋ ಗತಿ?" ಎಂದಳು ವಾಣಿ.

ಪ್ರಶ್ನೆ ನಾಟುವಂಥದ್ದೇ. ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಚಂದ್ರಹಾಸನದು ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ. ಒಂದು ಕಾಲಕ್ಕೆ ಅವನು 'ರೆಡಿ' ಎನ್ನುವವರೆಗೆ ತಾಳಿ ಕಟ್ಟುವ ಧೈರ್ಯ ಶಿವಮೊಗ್ಗದ ಯಾವ ಮದುಮಗನಿಗೂ ಇರಲಿಲ್ಲ. ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಗೊಣಗಿದರೂ ಮದುಮಗನ ಕಣ್ಣು ಇವನ ಬೆರಳಿನ ಮೇಲೆಯೇ. ಅಂಥ ಪ್ರತಾಪಕ್ಕೆ ಈಚೆಗೆ ಮಂಕು ಕವಿದಿತ್ತು. ಮದುವೆಗೆ ಬಂದ ಚಿಕ್ಕಮ್ಮ ದೊಡ್ಡಮ್ಮಂದಿರೆಲ್ಲ ಫೋನ್ ಎತ್ತಿ ಹಿಡಿದು ಇವನ ಕ್ಯಾಮೆರಾಕ್ಕೇ ಅಡ್ಡ ನಿಲ್ಲುತ್ತಿದ್ದರು. ಅದರ ಮೇಲೆ, ಒಂದು ಫೋಟೋ ಕೊಟ್ಟರೆ ಇಡೀ ಸಿನಿಮಾ ಮಾಡಿಕೊಡುವ ಎಐ ಬೇರೆ ಬಂದಿತು. ಸುದ್ದಿ ಕೇಳಿ ಮೊದಲು ಅವನಿಗೆ ಊಟ ಸೇರಲಿಲ್ಲ. ಆಮೇಲೆ, ಅದನ್ನು ಪಳಗಿಸಿ ತನ್ನ ಗಾಡಿಗೇ ಕಟ್ಟಿಬಿಡುವುದು ಎಂದು ನಿಶ್ಚಯಿಸಿದ.

ಮೊದಲ ಪ್ರಯೋಗಕ್ಕೆ ಸಮಯವೂ ಕೂಡಿಬಂದಿತ್ತು. ಭದ್ರಾವತಿಯ ಜನ್ನಾಪುರದಲ್ಲಿರುವ ವಾಣಿಯ ತಂದೆ ತಾಯಿಗೆ ಮದುವೆಯಾಗಿ ಐವತ್ತು ವರ್ಷ ತುಂಬುತ್ತಿತ್ತು. ತಂದೆ ರಾಮಚಂದ್ರಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಮಾತು ಕಡಿಮೆ. ಆ ಕಡಿಮೆಯಲ್ಲೂ ಹೆಚ್ಚಿನದು 'ಹ್ಞೂ'. ತಾಯಿ ಸಾವಿತ್ರಮ್ಮ ಗಂಡನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದರು. ಇವರ ಮದುವೆಯಲ್ಲಿ ಫೋಟೋದವನ ರೀಲು ಸಿಕ್ಕಿಹಾಕಿಕೊಂಡು, ಉಳಿದದ್ದು ಒಂದೇ ಒಂದು ಕಪ್ಪುಬಿಳುಪು ಫೋಟೋ. ಅದರಲ್ಲಿ ಮದುಮಗ ಠಾಣೆಯಲ್ಲಿ ನಿಲ್ಲಿಸಿದವನ ಹಾಗೆ ನೇರ ನೋಡುತ್ತಿದ್ದ. ಮದುಮಗಳು ನೆಲ ನೋಡುತ್ತಿದ್ದಳು. ಪಕ್ಕದಲ್ಲಿ ಹುಡುಗಿಯ ತಂದೆ, ಹೊಳೆಹೊನ್ನೂರಿನ ಹೆಡ್‌ಮಾಸ್ತರು, ಇಬ್ಬರನ್ನೂ ಫೇಲ್ ಮಾಡಿದವರ ಹಾಗೆ ನಿಂತಿದ್ದರು.

"ಅಮ್ಮನ ಹತ್ರ ಇರೋದು ಅದೊಂದೇ ಫೋಟೋ, ಕೆಡಿಸ್ಬೇಡಿ," ಎಂದಳು ವಾಣಿ.

"ಕೆಡಿಸೋದಲ್ಲ ಮಾರಾಯ್ತಿ, ಜೀವ ತುಂಬೋದು. ಅವತ್ತು ತೆಗೀದೆ ಬಿಟ್ಟ ವಿಡಿಯೋನ ಇವತ್ತು ತೆಗೀತೀನಿ."

ಜೀವ ತುಂಬುವ ಕೆಲಸ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಮೊದಲ ಸಲ ಸಾವಿತ್ರಮ್ಮನವರಿಗೆ ಮೂರು ಕೈ ಬಂದವು. ಎರಡನೆಯ ಸಲ ಹೆಡ್‌ಮಾಸ್ತರು ತಾವೇ ಹಾರ ಹಾಕಿಸಿಕೊಂಡು ನಿಂತರು. ಬೇಸತ್ತ ಚಂದ್ರಹಾಸ 'ಅದ್ದೂರಿ ಭಾರತೀಯ ಮದುವೆ' ಎಂದು ಟೈಪು ಮಾಡಿ ಗುಂಡಿ ಒತ್ತಿದ. ಆ ಯಂತ್ರಕ್ಕೆ ಹೊಳೆಹೊನ್ನೂರಿನ ಮದುವೆ ಎಲ್ಲಿ ಗೊತ್ತು? ಅದು ಕಂಡಿದ್ದ ಮದುವೆಗಳೆಲ್ಲ ದೆಹಲಿಯ ಕಡೆಯವೇ ಇರಬೇಕು. ಮದುಮಗ ಕುದುರೆ ಏರಿ ಬಂದ.

ಚಂದ್ರಹಾಸ ಒಂದು ಕ್ಷಣ ಅನುಮಾನಿಸಿದ. ಆದರೆ ಕುದುರೆ ಬಹಳ ಚೆನ್ನಾಗಿತ್ತು. ಬಿಳಿ ಬಣ್ಣ, ಕೆಂಪು ಜೂಲು, ರಾಜಗಾಂಭೀರ್ಯ. ಸ್ವಲ್ಪ ರಿಚ್ ಆಗಿಯೇ ಇರಲಿ ಎಂದು ಬಿಟ್ಟುಬಿಟ್ಟ. ವಾಣಿಗೆ ತೋರಿಸಲಿಲ್ಲ, ಅವಳಿಗೂ ಅಚ್ಚರಿಯಾಗಲಿ ಎಂದು.

ಅಚ್ಚರಿಯೇನೋ ಆಯಿತು. ಜನ್ನಾಪುರದ ಸಮುದಾಯ ಭವನದಲ್ಲಿ ನೆಂಟರೆಲ್ಲ ಸೇರಿ, ಹಾರ ಬದಲಾಯಿಸುವ ಶಾಸ್ತ್ರ ಮುಗಿದ ಮೇಲೆ ಕಿಟಕಿ ಮುಚ್ಚಿಸಿ ಪರದೆಯ ಮೇಲೆ ಸಿನಿಮಾ ಬಿಟ್ಟ. ನಾದಸ್ವರ ಮೊಳಗಿತು. ತೆಂಗಿನ ಗರಿಯ ಚಪ್ಪರದೊಳಕ್ಕೆ ಯುವಕ ರಾಮಚಂದ್ರಪ್ಪ ಕುದುರೆಯ ಮೇಲೆ ಪ್ರವೇಶಿಸಿದರು. ತಲೆತುಂಬ ಕೂದಲು, ಮುಖದ ತುಂಬ ನಗು. ಹಿಂದೆಯೇ, ಜೀವಮಾನದಲ್ಲಿ ಹಲ್ಲು ತೋರಿಸಿರದ ಹೆಡ್‌ಮಾಸ್ತರು ಎರಡು ಕೈ ಮೇಲೆತ್ತಿ ಕುಣಿಯುತ್ತಾ ಬಂದರು. ಮದುಮಗ ಕುದುರೆಯಿಂದಿಳಿದು, ಮದುಮಗಳ ಗಲ್ಲ ಹಿಡಿದೆತ್ತಿ, ಕಣ್ಣೀರು ಒರೆಸಿ, ಕಣ್ಣಲ್ಲಿ ಕಣ್ಣಿಟ್ಟು ಏನೋ ಹೇಳಿದ. ಅವಳು ನಾಚಿ ನಕ್ಕಳು. ಸಿನಿಮಾ ಮುಗಿಯಿತು.

ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾಣಿ ಗಂಡನ ತೋಳು ಹಿಂಡಿ, "ನಮ್ಮಪ್ಪ ಕುದುರೆ ಮೇಲಾ?" ಎಂದು ಪಿಸುಗುಟ್ಟಿದಳು. ಈಗ ನಗೆ ಏಳುತ್ತದೆ, ತನ್ನ ಮಾನ ಹೋಗುತ್ತದೆ ಎಂದು ಚಂದ್ರಹಾಸ ಲ್ಯಾಪ್‌ಟಾಪಿನ ಹಿಂದೆ ತಲೆ ತಗ್ಗಿಸಿದ.

ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ರಾಮಚಂದ್ರಪ್ಪನವರ ಅಕ್ಕ ಸಣ್ಣಮ್ಮ ಬಾಯಿ ತೆರೆದರು. "ಕುದುರೆ ಬಂದಿತ್ತು. ನಂಗೆ ಚೆನ್ನಾಗಿ ನೆನಪಿದೆ. ಅದಕ್ಕೆ ಹುರುಳಿ ಬೇಯಿಸಿ ಹಾಕಿದ್ದೇ ನಾನು."

ಅಲ್ಲಿಂದ ಶುರುವಾಯಿತು. ಕುದುರೆ ತರೀಕೆರೆಯಿಂದ ಬಂದದ್ದು ಎಂದು ಒಬ್ಬರು, ಅಲ್ಲ, ಶಿವಮೊಗ್ಗದ ಕೋಟೆಯಿಂದ ತರಿಸಿದ್ದು ಎಂದು ಇನ್ನೊಬ್ಬರು. ಹೋಳಿಗೆ ಬಡಿಸುವ ಹೊತ್ತಿಗೆ ಐವತ್ತು ದಾಟಿದವರೆಲ್ಲರೂ ಆ ಕುದುರೆಯನ್ನು ಕಣ್ಣಾರೆ ಕಂಡವರೇ ಆಗಿದ್ದರು. ಅದರ ಹಿಂಗಾಲಿನ ಒದೆ ತಿಂದವರೂ ಒಬ್ಬರು ಸಿಕ್ಕರು. "ಈ ರೀಲು ಇಷ್ಟು ವರ್ಷ ಎಲ್ಲಿ ಅಡಗಿತ್ತಪ್ಪ?" ಎಂದು ಕೇಳಿದವರಿಗೆ ಚಂದ್ರಹಾಸ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಮಹಾಕಲಾವಿದರು ನಗುವ ಹಾಗೆ ಸುಮ್ಮನೆ ನಕ್ಕ.

ರಾಮಚಂದ್ರಪ್ಪ ಮಾತ್ರ ಹೋಳಿಗೆಗೆ ತುಪ್ಪ ಬೇಕೇ ಎಂದರೂ ಉತ್ತರಿಸದೆ ಕೂತಿದ್ದರು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಸ್ಟುಡಿಯೋಗೆ ಅವರ ಫೋನು ಬಂತು. ಮಾವ ತಾವಾಗಿ ಫೋನು ಮಾಡಿದ್ದು ಅದೇ ಮೊದಲು. ಚಂದ್ರಹಾಸ ಎದ್ದು ನಿಂತೇ ಮಾತಾಡಿದ.

"ಅಳಿಯಂದ್ರೆ, ಆ ಹುಡುಗನ್ನ ತೆಗೆದುಬಿಡಿ."

"ಯಾವ ಹುಡುಗ ಮಾವ?"

"ಅದೇ, ಕುದುರೆ ಮೇಲೆ ಬರ್ತಾನಲ್ಲ."

"ಮಾವ, ಅದು ನೀವೇ."

"ನಾನಲ್ಲ," ಎಂದು ಅವರು ಫೋನಿಟ್ಟರು.

ಭಾನುವಾರ ಗಂಡ ಹೆಂಡತಿ ಭದ್ರಾವತಿಯ ಬಸ್ಸು ಹತ್ತಿದರು. ಮನೆಯ ಹೊರಗಿನ ಕಟ್ಟೆಯ ಮೇಲೆಯೇ ಸಿಕ್ಕ ರಾಮಚಂದ್ರಪ್ಪ ಅಳಿಯನನ್ನು ಪಕ್ಕಕ್ಕೆ ಕರೆದು, ಐವತ್ತು ವರ್ಷದ ದಾಸ್ತಾನೆಲ್ಲ ಖಾಲಿ ಮಾಡುವವರಂತೆ ಮಾತಾಡಿದರು. ಅಳಿಯ ಕೊಟ್ಟುಹೋದ ಸಿನಿಮಾದ ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸಿಕೊಂಡು ಸಾವಿತ್ರಿ ಊಟವಾದ ಮೇಲೆ ಅದನ್ನೇ ನೋಡುತ್ತಾಳೆ. ಮುಗಿದರೆ ಮತ್ತೆ ಮೊದಲಿಂದ ಹಾಕುತ್ತಾಳೆ. ತಾವು ಕಾಫಿಯನ್ನು ಆರಲು ಬಿಟ್ಟು ಕುಡಿದರೆ ಮೊದಲೆಲ್ಲ ಬೈಯುತ್ತಿದ್ದಳು. ಈಗ ಬೈಯುವುದೇ ಇಲ್ಲ.

"ಮೊನ್ನೆ ಬೇಕಂತಲೇ ಒದ್ದೆ ಟವಲ್ ಹಾಸಿಗೆ ಮೇಲೆ ಹಾಕ್ದೆ. ಏನೂ ಅನ್ಲಿಲ್ಲ, ಎತ್ತಿ ಒಣಗಾಕಿದ್ಲು," ಎಂದು ಅವರು ಒಳಗಿನ ಟಿವಿಯ ಕಡೆ ಕೈ ತೋರಿಸಿದರು. "ಅವಳ ಗಮನ ಪೂರ್ತಿ ಅವನ ಮೇಲಿದೆ."

ಎಪ್ಪತ್ತೈದು ದಾಟಿದ ಮಾವ ಇಪ್ಪತ್ತೈದರ ತಮ್ಮ ಮೇಲೆಯೇ ಹೊಟ್ಟೆಕಿಚ್ಚು ಪಡುತ್ತಿದ್ದರು. ಚಂದ್ರಹಾಸನಿಗೆ ನಗು ಬಂತು, ಕೂಡಲೇ ಹೆದರಿಕೆಯೂ ಆಯಿತು. ಮದುವೆ ಮಾಡಿಸಿದವನೆಂದು ಮೆರೆದವನು ಮದುವೆ ಮುರಿದವನೆನಿಸಿಕೊಳ್ಳಬಾರದು. ನೇರ ಒಳಗೆ ಹೋಗಿ ಅತ್ತೆಯ ಎದುರು ಕೂತು ತಪ್ಪೊಪ್ಪಿಕೊಂಡ. "ಅತ್ತೆ, ಆ ವಿಡಿಯೋ ನಿಜ ಅಲ್ಲ. ಎಲ್ಲ ಕಂಪ್ಯೂಟರ್ ಮಾಡಿದ್ದು."

ಸಾವಿತ್ರಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಕಣಪ್ಪ. ಆ ಮದುವೇಲಿ ನಾನೂ ಇದ್ನಲ್ಲ. ಕುದುರೆ ಬರ್ಲಿಲ್ಲ, ಇವರು ಬಂದಿದ್ದು ಲಾರೀಲಿ. ನಮ್ಮಪ್ಪ ಕುಣೀಲಿಲ್ಲ. ಇವರು ನನ್ನ ಮುಖಾನೂ ನೋಡ್ಲಿಲ್ಲ."

"ಮತ್ತೆ ದಿನಾ ನೋಡ್ತೀರಂತೆ?"

"ಸೀರಿಯಲ್ ಏನು ನಿಜಾನಾ? ಅದನ್ನ ಇಷ್ಟು ವರ್ಷ ನೋಡ್ಲಿಲ್ವಾ? ಇದ್ರಲ್ಲಿ ನಾನಾದ್ರೂ ಇದೀನಿ."

ಚಂದ್ರಹಾಸ ಚೀಲದಿಂದ ಲ್ಯಾಪ್‌ಟಾಪ್ ತೆಗೆದ. ಯಂತ್ರ ಕೆಡಿಸಿದ್ದನ್ನು ಯಂತ್ರವೇ ಸರಿಮಾಡಲಿ ಎಂದು ಅಲ್ಲೇ ಚಾಪೆಯ ಮೇಲೆ ಕೂತು ಟೈಪು ಮಾಡಿದ: ಕುದುರೆ ಬೇಡ, ಕುಣಿತ ಬೇಡ, ನಗು ಬೇಡ, ಇದ್ದದ್ದು ಇದ್ದ ಹಾಗೆ. ವಾಣಿ ಬೇಡವೆಂದು ಸನ್ನೆ ಮಾಡಿದಳು. ಅವನು ನೋಡಲಿಲ್ಲ.

ಹೊಸ ವಿಡಿಯೋ ಬಂತು. ನಗು ಬೇಡವೆಂದದ್ದನ್ನು ಯಂತ್ರ ಮನಸ್ಸಿಗೆ ಹಚ್ಚಿಕೊಂಡಿತ್ತು. ಮದುಮಗ ಹುಬ್ಬು ಗಂಟಿಕ್ಕಿ, ಸಾಲ ವಸೂಲಿಗೆ ಬಂದವನಂತೆ ಹೆಜ್ಜೆ ಹಾಕಿದ. ಮದುಮಗಳ ಕಣ್ಣಲ್ಲಿ ಭದ್ರಾ ನಾಲೆಗೆ ನೀರು ಬಿಟ್ಟ ಹಾಗಿತ್ತು. ಹೆಡ್‌ಮಾಸ್ತರ ಕೈಗೆ, ಯಾರೂ ಕೇಳದಿದ್ದರೂ, ಒಂದು ಬೆತ್ತ ಬಂದಿತ್ತು.

ಸಾವಿತ್ರಮ್ಮ ತದೇಕಚಿತ್ತದಿಂದ ನೋಡಿ, "ಹ್ಞಾ, ಈಗ ಸರಿಯಾಯ್ತು. ಹೀಗೇ ಇದ್ದಿದ್ದು," ಎಂದರು.

ರಾಮಚಂದ್ರಪ್ಪ ಬಾಗಿಲಲ್ಲೇ ನಿಂತುಬಿಟ್ಟರು. "ನಾನು ಇಷ್ಟು ಕೆಟ್ಟದಾಗಿದ್ನಾ?"

"ಇದಕ್ಕಿಂತ ಒಂಚೂರು ಜಾಸ್ತಿ."

ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸಲ ಕೂಗಿತು. ಕೊನೆಗೆ ರಾಮಚಂದ್ರಪ್ಪ ಒಳಗೆ ಬಂದು, ಹೆಂಡತಿ ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

"ಆ ಮೊದಲ್ನೇದೇ ಹಾಕಿ ಅಳಿಯಂದ್ರೆ. ಅಂಥದ್ದೇನಿದೆ ಅದ್ರಲ್ಲಿ, ನೋಡೋಣ."

ಹಾಕಿದ. ಕುದುರೆ ಬಂತು, ಹೆಡ್‌ಮಾಸ್ತರು ಕುಣಿದರು. ಮದುಮಗ ಗಲ್ಲ ಹಿಡಿದು ಕಣ್ಣೀರು ಒರೆಸುವ ಕಡೆ ಸಾವಿತ್ರಮ್ಮ ಮುಂದಕ್ಕೆ ಬಾಗಿದರು.

"ಇಲ್ಲೇ. ಇಲ್ಲಿ ಅವನು ಏನೋ ಹೇಳ್ತಾನೆ. ತುಟಿ ಅಲ್ಲಾಡತ್ತೆ, ಕೇಳ್ಸಲ್ಲ. ಏನು ಅಂತ ಗೊತ್ತಾಗ್ಲಿ ಅಂತಲೇ ನಾನು ದಿನಾ ಹಾಕ್ಕೊಂಡು ನೋಡೋದು."

ಚಂದ್ರಹಾಸನ ಕಣ್ಣು ಅರಳಿತು. ಇದೊಂದು ತೊಂದರೆಯೇ? ಅವನು ಲ್ಯಾಪ್‌ಟಾಪನ್ನು ಮತ್ತೆ ಮಡಿಲಿಗೆ ಎಳೆದುಕೊಂಡ. "ಅತ್ತೆ, ಅದಕ್ಕೂ ಟೆಕ್ನಾಲಜಿ ಬಂದಿದೆ. ಮಾವ ಈ ಫೋನಲ್ಲಿ ಒಂದು ನಿಮಿಷ ಮಾತಾಡ್ಲಿ ಸಾಕು. ಅವರ ದನಿ ಹಾಗೇ ಇಳಿಸಿಕೊಂಡು, ಇಪ್ಪತ್ತೈದು ವರ್ಷದ ಹುಡುಗನ ದನಿ ಮಾಡಿ, ನಿಮಗೆ ಏನು ಬೇಕೋ ಅದನ್ನ ಅವನ ಬಾಯಲ್ಲಿ ಹೇಳಿಸ್ತೀನಿ."

ವಾಣಿ ಎದ್ದು ಬಂದು ಲ್ಯಾಪ್‌ಟಾಪ್ ಮುಚ್ಚಿದಳು.

"ರೀ, ಅಪ್ಪನ ದನಿ ತಾನೇ ಬೇಕಾಗಿರೋದು? ಅಪ್ಪ ಇಲ್ಲೇ ಕೂತಿದಾರೆ. ಕರೆಂಟೂ ಬೇಡ."

ಚಂದ್ರಹಾಸನಿಗೆ ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟುಕೊಂಡು ಕೂರುವುದಷ್ಟೇ ಉಳಿಯಿತು. ಮೂವರೂ ರಾಮಚಂದ್ರಪ್ಪನವರ ಕಡೆ ನೋಡಿದರು. ಕುಲುಮೆಯ ಮುಂದೆ ಬೆವರದವರು ಈಗ ಹೆಗಲ ಮೇಲಿನ ವಸ್ತ್ರದಿಂದ ಕತ್ತು ಒರೆಸಿಕೊಂಡರು. ವಾಣಿ ರಿಮೋಟ್ ಒತ್ತಿ ಅದೇ ದೃಶ್ಯಕ್ಕೆ ತಂದಳು. ತೆರೆಯ ಮೇಲೆ ಹುಡುಗ ಗಲ್ಲ ಹಿಡಿದ, ತುಟಿ ಅಲ್ಲಾಡಿಸಿದ. ರಾಮಚಂದ್ರಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು, ತೆರೆಯನ್ನೇ ನೋಡುತ್ತಾ ಹೇಳಿದರು.

"ಭಯ ಆಗ್ತಿದೆ ಸಾವಿತ್ರಿ. ನಿನ್ನ ಕಡೆ ತಿರುಗಿದ್ರೆ ಎಲ್ಲರಿಗೂ ಗೊತ್ತಾಗತ್ತೆ. ನಿಂಗೂ ಆಗ್ತಿದ್ಯಾ?"

ವಾಣಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಚಂದ್ರಹಾಸ ಎಷ್ಟೋ ಮದುವೆ ತೆಗೆದವನು, ಇಂಥ ಮಾತು ಒಂದರಲ್ಲೂ ಅವನ ಮೈಕಿಗೆ ಸಿಕ್ಕಿರಲಿಲ್ಲ. ಈಗಲೂ ಸಿಗಲಿಲ್ಲ. ಫೋನು ಅವನ ಕೈಯಲ್ಲೇ ಇತ್ತು, ರೆಕಾರ್ಡ್ ಒತ್ತುವುದು ಮರೆತುಹೋಗಿತ್ತು.

ಸಾವಿತ್ರಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಅಳಿಯನ ಕಡೆ ತಿರುಗಿದರು.

"ಇನ್ನೊಂದ್ಸಲ ಹಾಕಪ್ಪ ಚಂದ್ರು, ಇದು ಸರಿಹೋಗ್ಲಿಲ್ಲ. ಅವನು ಹೇಳುವಾಗ ನನ್ನ ನೋಡ್ತಾನೆ. ಇವರು ಟಿವಿ ನೋಡ್ತಾ ಹೇಳಿದ್ರು."